ಹಸಿರು ವಲಯದಲ್ಲಿ ಅತ್ತೆ

ನನ್ನ ಯಜಮಾನರ ಮುಂದೆ ಯಾರಾದರೂ ಬಿದ್ದರೆ ಅವರು ಮೊದಲು ಎತ್ತಲು ಹೋಗುವುದಿಲ್ಲ, ಎಲ್ಲಿಂದ ಬಿದ್ದಿರಿ ಎಂದು ಕೇಳುತ್ತಾರೆ. ಎತ್ತುವುದು ಆಮೇಲೆ. ಡಾಕ್ಟರ್ ಸುಬ್ರಾಯರು ಉಡುಪಿಯವರು, ಮಣಿಪಾಲದಲ್ಲಿ ಓದಿದವರು. ಈಗ ಮಲೇಷ್ಯಾದಲ್ಲಿ, ಸುಬಾಂಗ್ ಜಯಾದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥರು, ಅದಕ್ಕೆ ಅಂಟಿಕೊಂಡ ಮೆಡಿಕಲ್ ಕಾಲೇಜಿನಲ್ಲಿ ಮೇಷ್ಟ್ರು. ಗಾಯದ ಕಾರಣ ಗೊತ್ತಾದರೆ ಸಾಕು, ಗಾಯ ಎಷ್ಟು ದೊಡ್ಡದು ಎಂದು ನೋಡದೆಯೇ ಹೇಳಬಹುದು ಎನ್ನುವುದು ಅವರ ಸಿದ್ಧಾಂತ. ಮದುವೆಯಾದಾಗಿನಿಂದ ನಾನು ಅವರ ಜೊತೆಗೂ ಈ ಸಿದ್ಧಾಂತದ ಜೊತೆಗೂ ಸಂಸಾರ ಮಾಡುತ್ತಿದ್ದೇನೆ.

ನಮ್ಮ ಫ್ಲ್ಯಾಟಿನಲ್ಲಿ ಸ್ಟೂಲ್ ಇಲ್ಲ. ಎತ್ತರದಿಂದ ಬೀಳುವುದು ಕೆಟ್ಟ ಕಾರಣ. ಹಾಗಾಗಿ ಫ್ಯಾನಿನ ಧೂಳು ಒರೆಸಲು ಯಾರೂ ಹತ್ತುವಂತಿಲ್ಲ, ಧೂಳು ತಾನಾಗಿ ಕೆಳಗೆ ಬಿದ್ದ ಮೇಲೆ ಗುಡಿಸುತ್ತೇವೆ. ಮಗಳು ಶ್ರೀಯಾ ಗೆಳತಿಯ ಬೈಕಿನ ಹಿಂದೆ ಕೂರುವಂತಿಲ್ಲ. ಯಾರಾದರೂ ದುರಿಯನ್ ತೋಟಕ್ಕೆ ಕರೆದರೆ ನಮ್ಮವರು ಕಾರಿನಿಂದ ಇಳಿಯುವುದಿಲ್ಲ, ಒಳಗೇ ಕೂತು ಹಣ್ಣು ತಿಂದು ಬರುತ್ತಾರೆ. ಆ ಮುಳ್ಳಿನ ಹಣ್ಣು ಬಿದ್ದ ತಲೆಗಳಿಗೆ ಅವರು ಹೊಲಿಗೆ ಹಾಕಿದ್ದಾರಂತೆ. ಅವರಿಗೆ ಪೂರ್ತಿ ನಂಬಿಕೆ ಇರುವುದು ಸಮತಟ್ಟಾದ ನೆಲದ ಮೇಲೆ ಮಾತ್ರ.

ನಾನು ಮಯೂರಿ, ಮೈಸೂರಿನವಳು, ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಅಕೌಂಟ್ಸ್ ಪಾಠ ಹೇಳುತ್ತೇನೆ. ಅಂಕಿಗಳ ಸಹವಾಸ ಇರುವುದರಿಂದ ಯಜಮಾನರ ಸಂಶೋಧನೆಗೆ ಕೋಷ್ಟಕ ಹಾಕಿಕೊಡುವ ಕೆಲಸ ನನ್ನ ತಲೆಗೆ ಬಂತು. ಆಸ್ಪತ್ರೆಗೆ ಬಂದ ಗಾಯಾಳುಗಳೆಲ್ಲ ಅದರಲ್ಲಿದ್ದರು. ಒಂದು ಕಡೆ ಪೆಟ್ಟಿನ ಕಾರಣ, ಇನ್ನೊಂದು ಕಡೆ ಪೆಟ್ಟಿನ ತೀವ್ರತೆ. ಎಲ್ಲಕ್ಕಿಂತ ಮೇಲೆ ಮೋಟರ್ ಸೈಕಲ್, ಆಮೇಲೆ ಕಾರು, ಆಮೇಲೆ ಎತ್ತರದಿಂದ ಬಿದ್ದದ್ದು, ಕಾರ್ಖಾನೆಯ ಯಂತ್ರ, ಚಾಕು, ದುರಿಯನ್. ಎಲ್ಲಕ್ಕಿಂತ ಕೆಳಗೆ, ದುರಿಯನ್ನಿಗಿಂತಲೂ ಕೆಳಗೆ, ನಿಂತ ನೆಲದಲ್ಲೇ ಜಾರಿ ಬಿದ್ದದ್ದು.

ಈ ಕೋಷ್ಟಕದಿಂದ ಆಸ್ಪತ್ರೆಯಲ್ಲಿ ಹೊಸ ನಿಯಮ ಬಂತು. ಬಾಗಿಲಲ್ಲಿ ನರ್ಸ್ ಏನಾಯಿತು ಎಂದು ಕೇಳುತ್ತಾಳೆ. ವಾಹನ ಅಂದರೆ ಕೆಂಪು ವಲಯ, ಕೂಡಲೇ ಒಳಗೆ. ಎತ್ತರ ಅಂದರೆ ಹಳದಿ. ಜಾರಿ ಬಿದ್ದದ್ದು ಅಂದರೆ ಹಸಿರು. ಹಸಿರು ವಲಯ ಅಂದರೆ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಶಬ್ದವಿಲ್ಲದ ಟಿವಿ, ಮತ್ತು ತಾಳ್ಮೆ. ಇದನ್ನೆಲ್ಲ ಪೆನಾಂಗಿನಲ್ಲಿ ನಡೆಯುವ ಸಮ್ಮೇಳನದಲ್ಲಿ ಮಂಡಿಸಲು ಯಜಮಾನರು ಹೊಸ ಕೋಟು ಹೊಲಿಸಿಕೊಂಡಿದ್ದರು.

ಇನ್ನು ನಮ್ಮತ್ತೆ ಕಾಂತಮ್ಮ. ಮಾವ ತೀರಿಕೊಂಡ ಮೇಲೆ ಉಡುಪಿಯಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಗಟ್ಟಿ ಹೆಂಗಸು. ಲಿಫ್ಟಿನಲ್ಲಿ ಸಿಗುವ ಚೀನೀ ಅಜ್ಜಿಯ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ, ಆ ಅಜ್ಜಿ ಅವರ ಭಾಷೆಯಲ್ಲಿ ಉತ್ತರ ಕೊಡುತ್ತಾರೆ, ಇಬ್ಬರಿಗೂ ಸಮಾಧಾನವಾಗುತ್ತದೆ. ನನಗೂ ಅತ್ತೆಗೂ ನಡುವೆ ಇದ್ದದ್ದು ಒಂದೇ ವಿಷಯ, ಸಾರು. ನಾನು ಮೈಸೂರಿನ ಕೈಯಲ್ಲಿ ಮಾಡುತ್ತೇನೆ, ಅವರು ಉಡುಪಿಯ ನಾಲಿಗೆಯಲ್ಲಿ ಕುಡಿಯುತ್ತಾರೆ. ಮದುವೆಯಾಗಿ ಮೊದಲ ದಿನ ಬಡಿಸಿದಾಗ ಅವರು ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ನೋಡಿ, "ಇದು ಸಾರಾ ಮಯೂರಿ, ಅಲ್ಲ ಕೈ ತೊಳಿಲಿಕ್ಕೆ ಇಟ್ಟದ್ದಾ?" ಎಂದರು. ಅಲ್ಲಿಂದ ಮುಂದೆ ನಾನು ಬಡಿಸಿದ ಒಂದು ದಿನವೂ ತಪ್ಪಿಸಿರಲಿಲ್ಲ. ಬೆಲ್ಲ ಸಾಲದು, ಹುಳಿ ಹೆಚ್ಚಾಯಿತು, ತೆಂಗಿನೆಣ್ಣೆಯ ಒಗ್ಗರಣೆ ಇಲ್ಲದ್ದು ಎಂಥ ಸಾರು. ಎಲ್ಲಾ ಹೇಳಿ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ, ಮುಖದಲ್ಲೇ ಕಾಣುತ್ತಿತ್ತು.

ಯಜಮಾನರು ಪೆನಾಂಗಿಗೆ ಹೊರಟ ಬೆಳಿಗ್ಗೆ ಅತ್ತೆ ಬಿದ್ದರು. ಸ್ನಾನ ಮಾಡಿ, ಒದ್ದೆ ಕಾಲಲ್ಲೇ ಬಾಲ್ಕನಿಗೆ ಹೋಗಿ ತುಳಸಿಗೆ ನೀರು ಹಾಕಿ ತಿರುಗುವಾಗ ಜಾರಿದರು. ವಾಷಿಂಗ್ ಮಷಿನ್ನಿನ ಅಂಚಿಗೆ ತಲೆ ತಾಗಿತು. ನಾನು ಓಡಿ ಹೋಗುವಷ್ಟರಲ್ಲಿ ಅವರೇ ಎದ್ದು ಕೂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಕಿವಿಯ ಮೇಲೆ ಸಣ್ಣ ಊತ.

"ಏನಾಯ್ತು ಅತ್ತೆ?"

"ಎಂತ ಇಲ್ಲ. ನಿನ್ನ ಈ ಟೈಲ್ಸಿಗೆ ಹೇಳು."

ಯಜಮಾನರು ಆಗ ಏರ್‌ಪೋರ್ಟಿನ ದಾರಿಯಲ್ಲಿದ್ದರು. ಫೋನು ಮಾಡಿದೆ. ಪ್ರಜ್ಞೆ ತಪ್ಪಿತೇ, ವಾಂತಿಯಾಯಿತೇ, ತಲೆನೋವು ಉಂಟೇ ಎಂದು ಒಂದೊಂದಾಗಿ ಕೇಳಿದರು. ನಾನು ಒಂದೊಂದಾಗಿ ಅತ್ತೆಯನ್ನು ಕೇಳಿದೆ. ಅತ್ತೆ ಎಲ್ಲದಕ್ಕೂ ಇಲ್ಲ ಅಂದರು. ಕೊನೆಗೆ ಅವರು ಕೇಳಿದ್ದು, "ಎಲ್ಲಿಂದ ಬಿದ್ದದ್ದು?"

"ನಿಂತಲ್ಲಿಂದ."

ಆ ಕಡೆ ಅವರ ಉಸಿರು ಹಗುರಾದದ್ದು ನನಗೆ ಕೇಳಿಸಿತು. "ಹಾಗಾದ್ರೆ ತೊಂದ್ರೆ ಇಲ್ಲ. ಪ್ಯಾನಡಾಲ್ ಮಾತ್ರೆ ಕೊಡು. ನಿನಗೇ ಗೊತ್ತುಂಟಲ್ಲ, ಟೇಬಲ್ ಮಾಡಿದ್ದು ನೀನೇ."

ಅತ್ತೆ ಫೋನು ಇಸಿದುಕೊಂಡು, "ನೀನು ಒಳ್ಳೆ ಕೆಲ್ಸಕ್ಕೆ ಹೋಗುವವ, ತಿರುಗಿ ನೋಡ್ಬೇಡ" ಅಂದರು. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದು, ಅವರ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು ಎನ್ನುವುದು ಅವರ ಕಡೆ ಬಹಳ ಗಟ್ಟಿ. ನಾನು ಫೋನು ಮಾಡಿದ್ದೇ ಅವರಿಗೆ ಸಿಟ್ಟು. ಆ ಮಧ್ಯಾಹ್ನದ ಸಾರಿಗೆ ಎಂದಿಗಿಂತ ಹೆಚ್ಚು ಬೈಗುಳ ಬಿತ್ತು. ನನಗೂ ಧೈರ್ಯ ಬಂತು.

ಮರುದಿನ ಶನಿವಾರ. ಶ್ರೀಯಾ ತಾನು ಬೀದಿಯ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿ ತಂದ ಊಟದ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದಳು. ಅತ್ತೆ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಊಟಕ್ಕೆ ಬಂದರು. ಚಳಿಯೇನೋ ಅಂದುಕೊಂಡು ಎಸಿ ಕಡಿಮೆ ಮಾಡಿದೆ. ಅನ್ನ ಹಾಕಿ ಸಾರು ಬಡಿಸಿದೆ. ಅವರು ಕಲಸಿ ಒಂದು ತುತ್ತು ಉಂಡರು. ನಾನು ಅಡುಗೆಮನೆ ಕಡೆ ಮುಖ ಮಾಡಿ, ಇವತ್ತು ಯಾವುದು, ಬೆಲ್ಲವೋ ಹುಳಿಯೋ ಎಂದು ಕಾಯುತ್ತಾ ನಿಂತೆ.

"ಸಾರು ಚೆನ್ನಾಗಿದೆ ಮಯೂರಿ," ಅಂದರು ಅತ್ತೆ.

ನನ್ನ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ಶ್ರೀಯಾ ಮೊಬೈಲಿನಿಂದ ತಲೆ ಎತ್ತಿದಳು.

"ಏನಂದ್ರಿ ಅತ್ತೆ?"

"ಚೆನ್ನಾಗಿದೆ ಅಂದೆ. ನಿನ್ನ ಕೈ ಒಳ್ಳೆದುಂಟು."

"ಅಮ್ಮಾ, ಸಮ್‌ಥಿಂಗ್ ಈಸ್ ರಾಂಗ್ ವಿತ್ ಅಜ್ಜಿ," ಎಂದಳು ಶ್ರೀಯಾ.  ಇಷ್ಟು ವರ್ಷ ಆ ಮಾತಿಗೆ ಎಷ್ಟು ಬಾಯಿ ಬಿಟ್ಟುಕೊಂಡಿದ್ದೆನೋ ದೇವರಿಗೇ ಗೊತ್ತು. ಬಂದಾಗ ನನಗೆ ತೋರಿದ್ದು ಒಂದೇ, ಇವರ ತಲೆಯೊಳಗೆ ಏನೋ ಆಗಿದೆ. ಉಳಿದ ಊಟ ಹಾಗೇ ಬಿಟ್ಟು ಕಾರಿನ ಕೀ ತೆಗೆದುಕೊಂಡೆ.

ದಾರಿಯಲ್ಲಿ ಯಜಮಾನರಿಗೆ ಫೋನು ಮಾಡಿದೆ. ಅವರು ಪೆನಾಂಗಿನ ಬಯಾನ್ ಲೆಪಾಸಿನ ಹೋಟೆಲಿನಲ್ಲಿ, ಭಾಷಣಕ್ಕೆ ಮುಂಚೆ ಚಹಾ ಕುಡಿಯುತ್ತಿದ್ದರು.

"ಅತ್ತೆ ನನ್ನ ಸಾರನ್ನ ಹೊಗಳಿಬಿಟ್ರು ಕಣ್ರೀ."

"ಒಳ್ಳೆದಾಯ್ತಲ್ಲ."

"ಒಳ್ಳೇದಾ? ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ತಲೆ ಸ್ಕ್ಯಾನ್ ಮಾಡಿಸ್ಬೇಕು."

ಅವರು ಕಪ್ಪನ್ನು ಬಸಿಯ ಮೇಲೆ ಇಟ್ಟ ಸದ್ದು ಕೇಳಿಸಿತು. "ಮಯೂರಿ, ಇಷ್ಟು ವರ್ಷಕ್ಕೆ ಅಮ್ಮನ ಬಾಯಲ್ಲಿ ಒಂದು ಒಳ್ಳೆ ಮಾತು ಬಂತು. ಅದಕ್ಕೂ ಸಿಟಿ ಸ್ಕ್ಯಾನಾ? ನನ್ನ ಹೆಸರು ಹೇಳಿ ಅಲ್ಲಿ ಸಾಲು ತಪ್ಪಿಸ್ಬೇಡ. ನಾನು ಮಾಡಿದ ರೂಲು, ನಾನೇ ಮುರಿದ ಹಾಗೆ ಆಗ್ತದೆ. ಈಗ ನನ್ನನ್ನು ಕರೀತಿದ್ದಾರೆ." ಫೋನು ಇಟ್ಟರು.

ಆಸ್ಪತ್ರೆಯ ಬಾಗಿಲಲ್ಲಿ ಇದ್ದದ್ದು ಫರೀದಾ ಎಂಬ ನರ್ಸ್. ನನ್ನ ಗುರುತು ಹಿಡಿದು ಎದ್ದು ನಿಂತಳು. ಏನಾಯಿತು ಎಂದು ಕೇಳಿದಳು. ನಿನ್ನೆ ಜಾರಿ ಬಿದ್ದರು, ಇವತ್ತು ತೊಂದರೆ ಕಾಣಿಸಿದೆ ಎಂದೆ. ಎಂಥ ತೊಂದರೆ ಎಂದು ಕೇಳಿದಳು. ಒಳ್ಳೆಯವರಾಗಿದ್ದಾರೆ ಎಂದೆ. ಫರೀದಾ ತನ್ನ ಕಂಪ್ಯೂಟರಿನ ಪರದೆಯಲ್ಲಿ ಅದಕ್ಕೆ ಜಾಗ ಹುಡುಕಿದಳು. ಇರಲಿಲ್ಲ. ಅಷ್ಟರಲ್ಲಿ ಅತ್ತೆ ಅವಳ ಕೆನ್ನೆ ಸವರಿ, "ಎಷ್ಟು ಚಂದ ಉಂಟು ಈ ಹುಡುಗಿ" ಎಂದರು. ಫರೀದಾ ನಕ್ಕು, ನಿಮ್ಮತ್ತೆ ತುಂಬ ಸ್ವೀಟ್ ಎಂದಳು. ಅದೇ ತೊಂದರೆ ಎಂದು ನಾನು ಮತ್ತೊಮ್ಮೆ ಹೇಳಿದೆ.

"ಮೇಡಂಗೆ ರೂಲು ಗೊತ್ತಲ್ಲ. ಡಾಕ್ಟರ್ ಸುಬ್ರಾಯ ವೆರಿ ಸ್ಟ್ರಿಕ್ಟ್ ಲಾ," ಎಂದು, ಇಲ್ಲಿಯವರು ಎಲ್ಲ ಮಾತಿನ ಕೊನೆಗೂ ಅಂಟಿಸುವ ಆ 'ಲಾ' ಅಂಟಿಸಿ, ನಮ್ಮ ಕೈಗೆ ಹಸಿರು ಚೀಟಿ ಕೊಟ್ಟಳು.

ಹಸಿರು ವಲಯದಲ್ಲಿ ಕೂತೆವು. ನಮ್ಮ ಪಕ್ಕದಲ್ಲಿ ದುರಿಯನ್ ಬಿಡಿಸುವಾಗ ಹೆಬ್ಬೆರಳು ಕುಯ್ದುಕೊಂಡ ಒಬ್ಬ ಅಂಕಲ್, ಎಸ್ಕಲೇಟರಿನಲ್ಲಿ ಚಪ್ಪಲಿ ಸಿಕ್ಕಿಹಾಕಿಸಿಕೊಂಡ ಒಬ್ಬ ಹೆಂಗಸು. ಎಲ್ಲರೂ ಗಟ್ಟಿಮುಟ್ಟಾಗಿದ್ದರು, ಅದನ್ನು ನೋಡಿದರೆ ಯಜಮಾನರ ಕೋಷ್ಟಕ ಸರಿ ಎಂದೇ ಕಾಣುತ್ತಿತ್ತು. ಅತ್ತೆ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆಯದೆ, ಅಂಕಲ್ಲಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದರು. ಟಿವಿಯಲ್ಲಿ ಯಾರೋ ಮೀನು ಹುರಿಯುತ್ತಿದ್ದರು. ಉಡುಪಿಯ ಬ್ರಾಹ್ಮಣ ಮುದುಕಿ ಅದನ್ನು ನೋಡಿಯೂ ಮುಖ ತಿರುಗಿಸಲಿಲ್ಲ. ನನ್ನ ಭಯ ಇನ್ನೂ ಹೆಚ್ಚಾಯಿತು.

ಡ್ಯೂಟಿ ಡಾಕ್ಟರ್ ಶರಣ್ ಆ ಕಡೆ ಹಾದು ಹೋದಾಗ ತಡೆದೆ. ಕ್ಲಾಂಗ್ ಕಡೆಯ ತಮಿಳು ಹುಡುಗ, ನಮ್ಮ ಯಜಮಾನರ ಶಿಷ್ಯ. ಅತ್ತೆಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಹೆಸರು ಕೇಳಿ, ಚೆನ್ನಾಗಿಯೇ ಇದ್ದಾರಲ್ಲ ಎಂದ. ನಾನು ಸಾರಿನ ಕಥೆ ಹೇಳಿದೆ. ಅವನು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡು, ಅಜ್ಜಿಗೆ ತಮಿಳಿನಲ್ಲಿ ಪಾಟಿ ಎನ್ನುತ್ತಾ, "ಆಂಟಿ, ಪಾಟಿ ನೈಸಾಗಿ ಮಾತಾಡಿದ್ರೆ ಅದು ಸಿಂಪ್ಟಮ್ ಅಲ್ಲ ಲಾ. ನಂಬರ್ ಬಂದಾಗ ನೋಡ್ತೀನಿ" ಎಂದು ಕೆಂಪು ವಲಯದ ಕಡೆ ಓಡಿದ. ಅಲ್ಲಿಗೆ ಆಗಷ್ಟೇ ಬೈಕಿನಿಂದ ಬಿದ್ದ ಒಬ್ಬನನ್ನು ತಂದಿದ್ದರು. ಅವನು ಮಲಗಿದಲ್ಲೇ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ.

ಅತ್ತೆ ನನ್ನ ಭುಜಕ್ಕೆ ತಲೆ ಒರಗಿಸಿದರು. ಇದೂ ಹೊಸದು. "ಸ್ವಲ್ಪ ನಿದ್ದೆ ಬರ್ತದೆ," ಎಂದರು.

ಆಗ ನಾನು ಎದ್ದು ನೇರ ಫರೀದಾಳ ಹತ್ತಿರ ಹೋದೆ. ಸುಳ್ಳು ಹೇಳುವ ಮೊದಲು ಯೋಚಿಸಿದೆ ಎಂದರೆ ಅದೇ ಒಂದು ಸುಳ್ಳಾಗುತ್ತದೆ. "ಸಿಸ್ಟರ್, ಮೊದಲು ನಾನು ಹೇಳಿದ್ದು ನಿಜ ಅಲ್ಲ. ಅವರು ಮೋಟರ್ ಸೈಕಲ್ಲಿನಿಂದ ಬಿದ್ದದ್ದು."

ಫರೀದಾ ಹಸಿರು ಕುರ್ಚಿಯಲ್ಲಿ ಒಂಬತ್ತು ಗಜದ ಸೀರೆ ಉಟ್ಟು ಕೂತ ಅತ್ತೆಯನ್ನು ನೋಡಿದಳು. "ಡಾಕ್ಟರ ತಾಯಿ? ಮೋಟರ್ ಸೈಕಲ್?"

"ನನ್ನ ಹಿಂದೆ ಕೂತಿದ್ದರು."

"ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ?"

"ಡಾಕ್ಟರಿಗೆ ಗೊತ್ತಾದರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ಇಡೀ ಆಸ್ಪತ್ರೆಗೆ ಗೊತ್ತಿತ್ತು. ಬೈಕಿನಲ್ಲಿ ಕೆಲಸಕ್ಕೆ ಬರುವ ನರ್ಸುಗಳು ಅವರಿಗೆ ಹೆದರಿ ಹೆಲ್ಮೆಟ್ಟನ್ನು ಊಟದ ಚೀಲದಲ್ಲಿ ಅಡಗಿಸಿ ಒಳಗೆ ತರುತ್ತಾರೆ. ಅವಳ ಮುಖದಲ್ಲಿದ್ದ ಸಂಶಯ ಹೋಗಿ ಕನಿಕರ ಬಂತು.

"ಪಾಟಿ ಹೆಲ್ಮೆಟ್ ಹಾಕಿದ್ದರಾ?"

"ಇಲ್ಲ."

"ನಿಮಗೆ ಏನೂ ಆಗಲಿಲ್ಲವಾ?"

"ನಾನು ಹಾಕಿದ್ದೆ."

ಫರೀದಾ ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೆ ಮರೆಯುವುದಿಲ್ಲ. ತಾನು ಹೆಲ್ಮೆಟ್ ಹಾಕಿಕೊಂಡು ಅತ್ತೆಯನ್ನು ಬರಿತಲೆಯಲ್ಲಿ ಕೂರಿಸಿಕೊಂಡು ಹೋದ ಸೊಸೆ. ಎಷ್ಟು ಸ್ಪೀಡಿನಲ್ಲಿ ಎಂದು ಕೇಳಿದಳು. ಅರವತ್ತು ಎಂದೆ. ನಾನು ಜೀವಮಾನದಲ್ಲಿ ಸೈಕಲ್ ಕೂಡ ನೆಟ್ಟಗೆ ಓಡಿಸಿದವಳಲ್ಲ.

ಕೆಂಪು ಗುಂಡಿ ಒತ್ತಿದ ತಕ್ಷಣ ಆಸ್ಪತ್ರೆಯೇ ಬೇರೆಯಾಯಿತು. ಸ್ಟ್ರೆಚರ್ ಬಂತು, ಕುತ್ತಿಗೆಗೆ ಪಟ್ಟಿ ಬಂತು, ಶರಣ್ ಓಡಿ ಬಂದ. ಬೈಕಿನಿಂದ ಬಿದ್ದದ್ದು ನಿಜವೇ ಎಂದು ಅವನು ಅತ್ತೆಯನ್ನೇ, ಅವರಿಗೆ ಅರ್ಥವಾಗುವಷ್ಟು ನಿಧಾನವಾಗಿ, ತಮಿಳಿನಲ್ಲಿ ಕೇಳಿದ. ಇನ್ನು ಮುಗಿಯಿತು ಎಂದುಕೊಂಡೆ. ಸುಳ್ಳು ಹೇಳಿದರೆ ನಾಲಿಗೆ ಹುಣ್ಣಾಗುತ್ತದೆ ಎಂದು ಮೊಮ್ಮಗಳಿಗೆ ಬುದ್ಧಿ ಹೇಳುವ ಹೆಂಗಸು ಅವರು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಶರಣ್‌ನ ಮುಖ ನೋಡಿದರು.

"ಹೌದು," ಅಂದರು. "ಚೆನ್ನಾಗಿಯೇ ಓಡಿಸ್ತಾಳೆ. ರಸ್ತೆ ಸರಿ ಇರ್ಲಿಲ್ಲ."

ನಾನು ಆಗಲೇ ಅಂದುಕೊಂಡೆ, ಮೆದುಳು ಪೂರ್ತಿ ಹೋಗಿದೆ.

ಶರಣ್ ಎರಡೂ ಕೈ ಎತ್ತಲು ಹೇಳಿದ. ಬಲಗೈ ಎದ್ದಿತು. ಎಡಗೈ ಸೆರಗಿನೊಳಗೆ ಅರ್ಧ ಎದ್ದು ಕೆಳಗೆ ಬಿತ್ತು. ಅವನ ಮುಖದಿಂದ ನಗು ಹೋಯಿತು. ಸ್ಕ್ಯಾನಿನಲ್ಲಿ ಬುರುಡೆಗೂ ಮೆದುಳಿಗೂ ನಡುವೆ ರಕ್ತ ತುಂಬಿ ಮೆದುಳನ್ನು ಒಂದು ಪಕ್ಕಕ್ಕೆ ಒತ್ತಿದ್ದು ಕಾಣಿಸಿತು. ತಲೆಗೆ ತೂತು ಮಾಡಿ ಆ ರಕ್ತ ತೆಗೆಯಬೇಕು, ಈಗಲೇ, ಎಂದರು. ನಾನು ಸಹಿ ಹಾಕಿದೆ. ನಾಳೆಯವರೆಗೆ ಕಾದಿದ್ದರೆ ಎಂದು ಶರಣ್ ಶುರು ಮಾಡಿ ಮಾತು ನಿಲ್ಲಿಸಿದ.

ಆಪರೇಷನ್ ಕೋಣೆಯ ಹೊರಗೆ ಕೂತಾಗ ನಾನು ಅತ್ತುಬಿಟ್ಟೆ. ಅಷ್ಟು ಹೊತ್ತು ಇದ್ದ ಧೈರ್ಯವೆಲ್ಲ ಒಮ್ಮೆಗೇ ಹೋಯಿತು. ಈ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಂಡೇ ನಾನು ಮುದುಕಿಯಾಗುವುದು ಎಂದು ಲೆಕ್ಕ ಹಾಕಿದ್ದೆ. ಅವರು ಹೀಗೆ ಮಧ್ಯದಲ್ಲಿ, ಸಾರು ಚೆನ್ನಾಗಿದೆ ಎಂದು ಹೇಳಿ ಹೊರಟುಹೋದರೆ ನನ್ನ ಗತಿಯೇನು. ಬೈದರೂ ಸರಿ, ಅವರು ಬೇಕಿತ್ತು. ಫರೀದಾ ಕಾಫಿ ತಂದು ಪಕ್ಕದಲ್ಲಿಟ್ಟು, ಇನ್ನು ಮುಂದೆ ಹೆಲ್ಮೆಟ್ ಎರಡು ಇಟ್ಟುಕೊಳ್ಳಿ ಎಂದು ಮೆಲ್ಲಗೆ ಹೇಳಿ ಹೋದಳು.

ಯಜಮಾನರಿಗೆ ಸುದ್ದಿ ಮುಟ್ಟಿಸಿದ್ದು ಶರಣ್. ಅವರು ಆಗಷ್ಟೇ ಭಾಷಣ ಮುಗಿಸಿ ಚಪ್ಪಾಳೆ ತೆಗೆದುಕೊಂಡು ಕೆಳಗೆ ಇಳಿದಿದ್ದರಂತೆ. ನಿಮ್ಮ ತಾಯಿ, ಮೋಟರ್ ಸೈಕಲ್, ಮೆದುಳಿನಲ್ಲಿ ರಕ್ತ ಎಂದು ಕೇಳಿ ಅವರು ಮೊದಲು ಕೇಳಿದ್ದು, ಯಾರ ಮೋಟರ್ ಸೈಕಲ್. ಸಿಕ್ಕಿದ ವಿಮಾನ ಹತ್ತಿ ಬಂದರು. ಕೋಟಿಗೆ ಚುಚ್ಚಿದ ಹೆಸರಿನ ಬಿಲ್ಲೆ ಹಾಗೇ ಇತ್ತು. ಅಷ್ಟರಲ್ಲಿ ಆಪರೇಷನ್ ಮುಗಿದು ಅತ್ತೆಯನ್ನು ಐಸಿಯುಗೆ ಹಾಕಿದ್ದರು. ಗಾಜಿನಾಚೆ ತಾಯಿಯನ್ನು ನೋಡಿ ಬಂದು, ಹಸಿರು ವಲಯದ ಹತ್ತಿರ ಕಾಯುತ್ತಿದ್ದ ನನ್ನ ಮುಂದೆ ನಿಂತರು.

"ಅಮ್ಮನ ಹೆಲ್ಮೆಟ್ ಎಲ್ಲಿತ್ತು?"

"ವಾಷಿಂಗ್ ಮಷಿನ್ ಹತ್ರ ಯಾರು ಹೆಲ್ಮೆಟ್ ಹಾಕ್ತಾರೆ ಕಣ್ರೀ?"

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿ ಕೆಂಪಗಾಯಿತು. "ಸುಳ್ಳು ಹೇಳಿದ್ಯಾ? ನನ್ನ ಡಿಪಾರ್ಟ್‌ಮೆಂಟಲ್ಲಿ? ನನ್ನ ಡೇಟಾದಲ್ಲಿ?"

"ನಿಜಾನೂ ಹೇಳಿದೆ. ನಿಮ್ಮ ಡಿಪಾರ್ಟ್‌ಮೆಂಟಲ್ಲಿ ನಿಜಕ್ಕೆ ಹಸಿರು ಚೀಟಿ ಕೊಟ್ಟು ಕೂರಿಸಿದ್ರು. ನಿಮ್ಮಮ್ಮ ಅಲ್ಲಿ ನನ್ನ ಭುಜದ ಮೇಲೆ ನಿದ್ದೆ ಹೋಗ್ತಿದ್ರು. ನಿಮ್ಮ ಡೇಟಾ ನೋಡ್ಕೊಂಡು ಕೂತಿರ್ಬೇಕಿತ್ತಾ?"

ನನ್ನ ಸ್ವರ ಏರಿತ್ತು, ಎಸ್ಕಲೇಟರಿನ ಹೆಂಗಸು ಕೂಡ ತಿರುಗಿ ನೋಡಿದಳು. ಅವಳ ನಂಬರ್ ಇನ್ನೂ ಬಂದಿರಲಿಲ್ಲ.  ಯಜಮಾನರು ಹೋಗಿ ಹಸಿರು ವಲಯದ ಒಂದು ಕುರ್ಚಿಯಲ್ಲಿ ಕೂತರು. ಆ ವಲಯವನ್ನು ಮಾಡಿದವರು ಅವರೇ ಆದರೂ ಅಲ್ಲಿ ಕೂತದ್ದು ಅದೇ ಮೊದಲು. ಬಹಳ ಹೊತ್ತು ಸದ್ದಿಲ್ಲದ ಟಿವಿ ನೋಡಿದರು. ಆಮೇಲೆ, "ಈ ಕುರ್ಚಿ ಇಷ್ಟು ಗಟ್ಟಿ ಉಂಟಾ" ಎಂದು ಕೇಳಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಸಿಟ್ಟು ಇತ್ತು, ಆದರೂ ಕೂತೆ.

ಅತ್ತೆ ಹುಷಾರಾಗುತ್ತಾ ಬಂದರು. ಯಜಮಾನರು ಆಸ್ಪತ್ರೆಯ ದಾಖಲೆಯಲ್ಲಿ ತಾಯಿಯ ಪೆಟ್ಟಿನ ಕಾರಣವನ್ನು ತಾವೇ ಕೂತು ತಿದ್ದಿದರು, ಮೋಟರ್ ಸೈಕಲ್ ತೆಗೆದು ಜಾರಿ ಬಿದ್ದದ್ದು ಎಂದು ಹಾಕಿದರು. ಮನೆಗೆ ಬಂದು, ಆ ಕೊನೆಯ ಸಾಲಿನಲ್ಲಿ ವಯಸ್ಸಾದವರನ್ನು ಬೇರೆ ಮಾಡಿ ಕೊಡು ಎಂದರು. ಬೇರೆ ಮಾಡಿದೆ. ಕಾಲೇಜು ಹುಡುಗರು, ಎಸ್ಕಲೇಟರಿನ ಚಪ್ಪಲಿಗಳು ಎಲ್ಲ ಪಕ್ಕಕ್ಕೆ ಸರಿದ ಮೇಲೆ ಉಳಿದ ಮುದುಕ ಮುದುಕಿಯರು ದುರಿಯನ್ ದಾಟಿ, ಚಾಕು ದಾಟಿ, ಮೇಲಕ್ಕೆ ಹೋಗಿ ಮೋಟರ್ ಸೈಕಲ್ಲಿನ ಪಕ್ಕದಲ್ಲಿ ನಿಂತರು. ಸ್ನಾನದ ಮನೆಯಲ್ಲಿ ಬಿದ್ದವರು, ಹೊಸ್ತಿಲು ಎಡವಿದವರು, ದೇವರ ಮುಂದೆ ಜಾರಿದವರು.

"ಇದು ಮೊದಲೇ ಇತ್ತಾ?" ಅಂದರು.

"ಇತ್ತು. ಸರಾಸರಿ ಕೇಳಿದ್ರಿ, ಸರಾಸರಿ ಕೊಟ್ಟೆ."

ನಿಯಮ ಬದಲಾಯಿತು. ವಯಸ್ಸಾದವರು ಎಲ್ಲಿಂದ ಬಿದ್ದರೂ, ತಲೆಗೆ ತಾಗಿದ್ದರೆ ಹಸಿರಿಲ್ಲ. ಇನ್ನೂ ಒಂದು ಪ್ರಶ್ನೆ ಸೇರಿತು, ನಿನ್ನೆಗಿಂತ ಇವತ್ತು ಇವರು ಬೇರೆ ಥರ ಇದ್ದಾರೆಯೇ ಎಂದು ಮನೆಯವರನ್ನು ಕೇಳುವುದು. ಅದಕ್ಕೆ ಉದಾಹರಣೆ ಏನು ಕೊಡಲಿ ಎಂದು ಅವರು ಕೇಳಿದಾಗ, ಸೊಸೆಯನ್ನು ಹೊಗಳುವುದು ಎಂದು ಬರೆಯಿರಿ ಎಂದೆ. ಬರೆಯಲಿಲ್ಲ. ಸ್ಟೂಲ್ ಮಾತ್ರ ಇನ್ನೂ ತರಿಸಿಲ್ಲ, ಅದರ ಬದಲು ಇಡೀ ಬಾಲ್ಕನಿಗೆ ರಬ್ಬರ್ ಹಾಸು ಹಾಕಿಸಿದ್ದಾರೆ.

ಎಲ್ಲರಿಗೂ ಸಮಾಧಾನವಾಯಿತು, ನನಗೆ ಆಗಲಿಲ್ಲ. ಯಾಕೆಂದರೆ ಅತ್ತೆ ಮನೆಗೆ ಬಂದ ಮೇಲೂ ಹೊಗಳುವುದು ನಿಂತಿರಲಿಲ್ಲ. ಕೈ ಬಂತು, ನಡಿಗೆ ಬಂತು, ಬೋಳಿಸಿದ ಕಡೆ ಬೆಳ್ಳಗೆ ಕೂದಲು ಬಂತು. ಸಾರು ಬಡಿಸಿದರೆ ಮಾತ್ರ, "ಚೆನ್ನಾಗಿದೆ." ದಿನಾ ಚೆನ್ನಾಗಿದೆ. ಯಜಮಾನರು ಮತ್ತೆ ಸ್ಕ್ಯಾನ್ ಮಾಡಿಸಿ, ಪೂರ್ತಿ ಕ್ಲಿಯರ್ ಎಂದು ತೋರಿಸಿದರು. ನನಗೆ ಆ ಕಪ್ಪು ಬಿಳುಪು ಚಿತ್ರದ ಮೇಲೆ ನಂಬಿಕೆ ಬರಲಿಲ್ಲ. ನನ್ನ ಅತ್ತೆ ಇನ್ನೂ ವಾಪಸು ಬಂದಿಲ್ಲ, ಅವರ ಥರ ಕಾಣುವ ಯಾರೋ ಒಳ್ಳೆಯ ಮುದುಕಿ ಬಂದು ಕೂತಿದ್ದಾರೆ ಎಂದೇ ಅನಿಸುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಪರೀಕ್ಷೆ ಮಾಡಿದೆ. ಸಾರಿಗೆ ಉಪ್ಪು ಹಾಕಲಿಲ್ಲ. ಬೆಲ್ಲ ಹಾಕಲಿಲ್ಲ. ಒಗ್ಗರಣೆಯನ್ನು ಕರಕಲು ಮಾಡಿದೆ. ಕೈ ತೊಳೆಯಲಿಕ್ಕೂ ಬಾರದ ಆ ನೀರನ್ನು ಬಡಿಸಿ ಎದುರಿಗೇ ಕೂತೆ. ಅತ್ತೆ ಕಲಸಿ ಒಂದು ತುತ್ತು ಉಂಡರು. ಗಂಟಲಲ್ಲಿ ಇಳಿಯಲು ತಡವಾಯಿತು.

"ಚೆನ್ನಾಗಿದೆ," ಅಂದರು.

ನನಗೆ ತಡೆಯಲಾಗಲಿಲ್ಲ. ಟೇಬಲ್ಲಿಗೆ ತಲೆಯಿಟ್ಟು ಅಳಲು ಶುರುಮಾಡಿದೆ. ಅತ್ತೆ ಗಾಬರಿಯಾಗಿ ಎಡಗೈಯಿಂದ ನನ್ನ ತಲೆ ಎತ್ತಿದರು.

"ಎಂತಾಯ್ತು ಮಾರಾಯ್ತಿ?"

"ಅದರಲ್ಲಿ ಉಪ್ಪೇ ಇಲ್ಲ ಅತ್ತೆ."

"ಗೊತ್ತುಂಟು. ಉಪ್ಪಿಲ್ಲ, ಬೆಲ್ಲ ಇಲ್ಲ, ಸಾಸಿವೆ ಸುಟ್ಟು ಇದ್ದಿಲಾಗಿದೆ. ನಾಯಿ ಮುಟ್ಲಿಕ್ಕಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ನನಗಾಗಿ ನೀನು ಮೋಟರ್ ಸೈಕಲ್ ಓಡಿಸಿದವಳು. ಪ್ರಾಣ ಉಳಿಸಿದವಳ ಹತ್ರ ಉಪ್ಪಿಲ್ಲ ಅಂತ ಹ್ಯಾಗೆ ಹೇಳುದು?"

ನಾನು ಮೂಗು ಒರೆಸಿಕೊಂಡು ಅವರನ್ನು ನೋಡಿದೆ. "ಅವತ್ತು ನಿಮಗೆ ಎಲ್ಲಾ ಗೊತ್ತಾಗ್ತಿತ್ತಾ?"

"ಮತ್ತೆ? ನಾನೂ ಒಂದು ಸುಳ್ಳು ಹೇಳ್ಲಿಲ್ವಾ, ರಸ್ತೆ ಸರಿ ಇಲ್ಲ ಅಂತ. ನಾಲಿಗೆ ಹುಣ್ಣಾಗ್ಲಿಲ್ಲ."

"ಹೇಳಿ ಅತ್ತೆ, ಇನ್ಮೇಲೆ ಬೈಯಿರಿ. ನನಗೆ ನಿದ್ದೆ ಬರ್ತಿಲ್ಲ."

ಅವರು ಬೈದರು. ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ತೆಗೆದು ಬೈದರು. ಕಳೆದ ಮಂಗಳವಾರದ ಹುಳಿ, ಏಕಾದಶಿಯ ಮರುದಿನದ ಬೇಳೆ, ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ತಂದದ್ದರ ವಾಸನೆ. ಒಂದೂ ಬಿಡಲಿಲ್ಲ. ನಾನು ಕೇಳುತ್ತಾ ಕೂತೆ. ಮೈ ಉರಿಯಲು ಶುರುವಾಯಿತು, ನನಗೆ ನೆಮ್ಮದಿಯಾಯಿತು.

ಎಲ್ಲ ಮುಗಿದ ಮೇಲೆ ಒಂದು ಮಾತು ಕೇಳದೆ ಇರಲು ಆಗಲಿಲ್ಲ. "ಹಾಗಾದ್ರೆ ಅವತ್ತು ಮೊದಲ ಸಲ ಚೆನ್ನಾಗಿದೆ ಅಂದ್ರಲ್ಲ, ಅದು ಯಾಕೆ?"

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬೆಳಿಗ್ಗೆಯಿಂದ ಎಡಗೈ ನನ್ನದಲ್ಲ ಅನ್ನುವ ಹಾಗೆ ಆಗಿತ್ತು. ಹೋಗುವ ಹೊತ್ತು ಬಂತು ಅಂತ ಗೊತ್ತಾಯ್ತು. ಸುಬ್ರಾಯ ಒಳ್ಳೆ ಕೆಲ್ಸಕ್ಕೆ ಹೋದವ, ಅವನಿಗೆ ಹೇಳುವ ಹಾಗಿಲ್ಲ. ನಿನಗೆ ಹೇಳ್ಬೇಕಾದ್ದು ಒಂದು ಬಾಕಿ ಇತ್ತು, ಹೇಳಿದೆ."

"ಹೋಗೋ ಮುಂಚೆ ಸೊಸೆಗೆ ಸಮಾಧಾನ ಆಗ್ಲಿ ಅಂತ ಹೇಳಿದ್ರಾ?"

"ಸಾಯುವಾಗ ಯಾರಾದ್ರೂ ಸಾರಿನ ವಿಷಯದಲ್ಲಿ ಸುಳ್ಳು ಹೇಳ್ತಾರಾ ಮಯೂರಿ? ಅವತ್ತಿನದ್ದು ನಿಜಕ್ಕೂ ಚೆನ್ನಾಗಿತ್ತು."

ಆ ಶನಿವಾರದ ಸಾರಿಗೆ ನಾನು ಏನು ಹಾಕಿದ್ದೆ ಎಂದು ಅಂದಿನಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ. ಇನ್ನೂ ಹೊಳೆದಿಲ್ಲ.